ಬಾಯಿ ತೆರೆದವರಿಗೆ ಒಂದು ಸೀಟಿ

ಫೆಬ್ರವರಿ 2

ಪುಕ್ಕಲ ತಮ್ಮನಿಗೆ,

ತಲುಪಿದ ಕೂಡಲೇ ಬರೆಯುತ್ತೇನೆ ಎಂದು ಹೋದವನ ಸುದ್ದಿಯನ್ನು ನಾನು ಜೀಪಿನ ಡ್ರೈವರನ್ನು ಕೇಳಿ ತಿಳಿದುಕೊಳ್ಳಬೇಕಾಯಿತು. "ನಿಮ್ಮ ತಮ್ಮ ಘಾಟಿ ಮುಗಿಯೋವರೆಗೂ ಕಣ್ಣು ಮುಚ್ಕೊಂಡೇ ಕೂತಿದ್ರು ಮೇಡಂ" ಎಂದ. ನಮ್ಮ ಪ್ರಯೋಗಾಲಯದವರೆಲ್ಲ ನಕ್ಕರು. ನಾನೂ ನಕ್ಕೆ. ನೀನು ಕಣ್ಣು ಮುಚ್ಚಿಕೊಂಡರೂ ಚಿಂತೆಯಿಲ್ಲ, ಅಲ್ಲಿನ ಮಕ್ಕಳು ಬಾಯಿ ತೆರೆದರೆ ಸಾಕು.

ಕೆಲಸವನ್ನು ಇನ್ನೊಂದು ಸಲ ಹೇಳುತ್ತೇನೆ, ಬೈದುಕೊಳ್ಳಬೇಡ. ಸೇತುವೆ ಮುರಿದ ಮೇಲೆ ಆ ಬೆಟ್ಟಕ್ಕೆ ಲಸಿಕೆ ಹತ್ತಿಲ್ಲ. ಈಗ ಕೆಳಗಿನ ಊರಿನಲ್ಲಿ ಗಂಟಲಮಾರಿ ಎದ್ದಿದೆ ಎಂಬ ಸುದ್ದಿ. ನಡುವಿನ ಊರು, ತುದಿಯ ಊರು ಇನ್ನೂ ಏನಾಗಿವೆಯೋ ಗೊತ್ತಿಲ್ಲ. ಪ್ರತಿ ಮಗುವಿನ ಗಂಟಲಿಗೂ ಹತ್ತಿಯ ಕಡ್ಡಿ ಮುಟ್ಟಿಸು, ಟ್ಯೂಬಿಗೆ ಹಾಕು, ಐಸ್ ಪೆಟ್ಟಿಗೆಯಲ್ಲಿ ಜೀಪಿಗೆ ಕೊಡು. ಇಲ್ಲಿ ನಾನು ಅದನ್ನು ತಟ್ಟೆಯಲ್ಲಿ ಬೆಳೆಸಿ ಯಾರಲ್ಲಿ ರೋಗಾಣು ಇದೆ, ಯಾರಲ್ಲಿ ಇಲ್ಲ ಎಂದು ಹೇಳುತ್ತೇನೆ. ಅಲ್ಲಿ ಫೋನ್ ಹತ್ತುವುದಿಲ್ಲವಾದ್ದರಿಂದ ಮಾತೆಲ್ಲ ಈ ಪೆಟ್ಟಿಗೆಯ ಮುಚ್ಚಳದೊಳಗೇ ಓಡಾಡಬೇಕು.

ನಿನ್ನ ಮುಖ ನೋಡಿದರೆ ಯಾವ ಮಗುವೂ ಬಾಯಿ ತೆರೆಯುವುದಿಲ್ಲ. ಅದಕ್ಕೇ ಅಪ್ಪನ ಸೀಟಿಯನ್ನು ಕಳಿಸುತ್ತಿದ್ದೇನೆ. ಅಪ್ಪ ಕೊನೆಯ ಟ್ರಿಪ್ಪಿನಲ್ಲೂ ಊದಿದ ಅದೇ ಕಂಡಕ್ಟರ್ ಸೀಟಿ. ಬಾಯಿ ತೆರೆದವರಿಗೆ ಒಂದು ಸಲ ಊದಲು ಕೊಡು. ಕೆಲಸ ಆಗದಿದ್ದರೆ ನನ್ನ ಹೆಸರು ಬದಲಿಸು.

ಅಕ್ಕ

ಫೆಬ್ರವರಿ 9

ಅಕ್ಕಾ,

ನಿನ್ನ ಹೆಸರು ಬದಲಿಸಬೇಕಾಗಿಲ್ಲ. ಸೀಟಿ ಗೆದ್ದಿತು.

ಮೊದಲು ಕೆಟ್ಟದ್ದನ್ನು ಹೇಳಿಬಿಡುತ್ತೇನೆ. ಕೆಳಗಿನ ಊರಿನಲ್ಲಿ ನಾನು ನೋಡಿದ ಮೊದಲ ಗಂಟಲು ಇನ್ನೂ ಕಣ್ಣಿಂದ ಹೋಗಿಲ್ಲ. ನಾಲಿಗೆಯ ಹಿಂದೆ ಬೂದು ಬಣ್ಣದ ಪೊರೆ, ಒದ್ದೆ ಚರ್ಮದ ಚೂರು ಅಂಟಿಸಿದ ಹಾಗೆ. ಕತ್ತು ಊದಿಕೊಂಡಿತ್ತು. ಮಗು ಉಸಿರೆಳೆದಾಗ ಒಂದು ಸದ್ದು ಬರುತ್ತದೆ, ಅದನ್ನು ಪುಸ್ತಕದಲ್ಲಿ ಓದಿದ್ದೆ, ಕೇಳಿರಲಿಲ್ಲ. ಗೋಡೆ ಹಿಡಿದು ನಿಂತೆ. ಯಾರಿಗೂ ಹೇಳಬೇಡ.

ಅಲ್ಲಿನ ಶಾಲೆಯ ಜಗಲಿಯಲ್ಲಿ ಬಸ್ಸಿನ ಆಟ ಶುರುಮಾಡಿದೆ. ಬೆಂಚುಗಳನ್ನು ಸಾಲಾಗಿ ಹಾಕಿಸಿ, ಬಾಯಿ ತೆರೆದವರೇ ಕಂಡಕ್ಟರ್ ಎಂದೆ. ಕಡ್ಡಿ ಮುಟ್ಟಿಸಿಕೊಂಡ ಮಗು ಸೀಟಿ ಊದಿ "ರೈಟ್ ರೈಟ್" ಅನ್ನಬೇಕು. ಬಸ್ಸನ್ನೇ ಕಾಣದ ಮಕ್ಕಳು ಅಕ್ಕಾ, ನೂಕುನುಗ್ಗಲು ಮಾಡಿಬಿಟ್ಟರು. ಎರಡು ದಿನ ಬಿಟ್ಟು ನಡುವಿನ ಊರಿಗೆ ಹತ್ತಿ ಬಂದೆ. ಇಲ್ಲಿ ಎಲ್ಲ ಮಕ್ಕಳೂ ಗಟ್ಟಿಮುಟ್ಟಾಗಿವೆ. ಇಲ್ಲಿ ಕಲ್ಲು ಕಡಿಯುವವರೊಬ್ಬರ ಮಗ ಎಲ್ಲರಿಗಿಂತ ಮೊದಲು ಬಂದು, "ಇನ್ನೊಂದ್ಸಲ ಕಡ್ಡಿ ಹಾಕಿ, ಇನ್ನೊಂದ್ಸಲ ಊದ್ತೀನಿ" ಎಂದ.

ಅಟ್ಟ ಹತ್ತಿ ಅಡಗಿದ ಕೆಲವು ತುಂಟರನ್ನು ಬಿಟ್ಟರೆ ಗೆಲ್ಲಲಾಗದವಳು ಒಬ್ಬಳೇ. ನಾನು ಹಿಟ್ಟಿನ ಗಿರಣಿಯ ಹಿಂದಿನ ಕೋಣೆಯಲ್ಲಿ ಇಳಿದುಕೊಂಡಿದ್ದೇನೆ. ಗಿರಣಿಯವ್ವನ ಮಗಳಿಗೆ ನಾಲ್ಕು ವರ್ಷ. ನನ್ನನ್ನು ಕಂಡರೆ ಎರಡೂ ತುಟಿ ಒಳಗೆ ಎಳೆದುಕೊಳ್ಳುತ್ತಾಳೆ. ಅವಳಿಗೆ 'ಬೀಗ' ಎಂದು ಹೆಸರಿಟ್ಟಿದ್ದೇನೆ.

ಕೆಳಗಿನ ಊರಿಗೆ ರೋಗದ ವಿಷ ಇಳಿಸುವ ಸೀರಂ ಬೇಗ ಬೇಕು. ಯಾವಾಗ ಬರುತ್ತದೆ?

ತಮ್ಮ

ಫೆಬ್ರವರಿ 12

ಪುಕ್ಕಲನಿಗೆ,

ಕೆಳಗಿನ ಊರಿನ ತಟ್ಟೆಗಳಲ್ಲಿ ಅರ್ಧಕ್ಕರ್ಧ ಕಪ್ಪು ಚುಕ್ಕೆ ಎದ್ದಿವೆ. ಡಿಫ್ತೀರಿಯಾವೇ, ಅನುಮಾನ ಬೇಡ. ನಡುವಿನ ಊರಿನ ತಟ್ಟೆಗಳು ತೊಳೆದಿಟ್ಟ ಹಾಗಿವೆ. ಒಂದು ಮಗುವಿನಲ್ಲೂ ಇಲ್ಲ! ನಾನು ಎರಡೆರಡು ಸಲ ನೋಡಿದೆ.

ಅಂದರೆ ನಾವು ಬೇಗ ಬಂದಿದ್ದೇವೆ. ಕೆಳಗಿನಿಂದ ಯಾರೂ ಮೇಲೆ ಹತ್ತದಂತೆ ದಾರಿ ಮುಚ್ಚಿಸು. ಹಾಲಿನವರು, ನೆಂಟರು, ಯಾರೂ ಬೇಡ. ನೀನು ಮೇಲೆಯೇ ಉಳಿ. ಜೀಪು ಕೆಳಗಿನ ಊರಿಗೆ ಮುಟ್ಟಿಸಬೇಕಾದ ಮಾತ್ರೆಗಳನ್ನು ಮುಟ್ಟಿಸಿ, ನಿನ್ನ ಪೆಟ್ಟಿಗೆಯನ್ನು ದಾರಿಯ ತಡೆಯ ಹತ್ತಿರ ಇಟ್ಟು ಹೋಗುತ್ತದೆ.

ಸೀರಂ ಮುಂದಿನ ವಾರ ಬಂದೇ ಬರುತ್ತದೆ. ಧೈರ್ಯವಾಗಿರು. ಗಂಟಲು ನೋಡಿ ಗೋಡೆ ಹಿಡಿದದ್ದನ್ನು ಯಾರಿಗೂ ಹೇಳುವುದಿಲ್ಲ, ನನ್ನ ಪಕ್ಕದ ಮೇಜಿನವಳಿಗೆ ಬಿಟ್ಟು.

ಅಕ್ಕ

ಫೆಬ್ರವರಿ 16

ಅಕ್ಕಾ,

ತಮಾಷೆ ಸಾಕು.

ನಡುವಿನ ಊರಿನಲ್ಲಿ ರೋಗ ಎದ್ದಿದೆ. ನೀನು ತೊಳೆದಿಟ್ಟ ಹಾಗಿದೆ ಎಂದ ಗಂಟಲುಗಳಲ್ಲೇ ಎದ್ದಿದೆ. ಕಲ್ಲು ಕಡಿಯುವವರ ಮಗ ನಿನ್ನೆ ಬೆಳಿಗ್ಗೆ ಹೋದ. ನಿನ್ನ ಸೀರಂ ಬರಲಿಲ್ಲ. ಅವನ ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮಲಗಿಸಿದರೆ ಉಸಿರು ಕಟ್ಟುತ್ತದೆ ಎಂದು ಹಾಗೆಯೇ ಕೂತಿದ್ದರು. ಹೋದ ಮೇಲೂ ಬಹಳ ಹೊತ್ತು ಇಳಿಸಲಿಲ್ಲ. ಇನ್ನೂ ಹಲವು ಮಕ್ಕಳು ಮಲಗಿವೆ.

ದಾರಿ ಮುಚ್ಚಿದೆ ಅಕ್ಕಾ. ನನ್ನ ಕೈಯಾರೆ ಕಲ್ಲು, ಮುಳ್ಳು ಹಾಕಿಸಿದೆ. ಊರಿನವರೇ ಸರದಿಯಲ್ಲಿ ಕಾಯುತ್ತಿದ್ದಾರೆ. ನೆಂಟರು ಬಂದಿಲ್ಲ, ಹಾಲು ಬಂದಿಲ್ಲ. ಎರಡೂ ಊರಿನ ನೀರು ಬೇರೆ ಬೇರೆ. ಹಾಗಾದರೆ ಇದು ಹೇಗೆ ಹತ್ತಿ ಬಂತು? ಗಾಳಿಗೆ ಹತ್ತಿಕೊಂಡು ಬಂತೆ? ಕಿಟಕಿ ಮುಚ್ಚಿದರೆ ಭಯ, ತೆರೆದರೆ ಭಯ. ಗಿರಣಿಯವ್ವ ಕೊಟ್ಟ ನೀರಿನ ಲೋಟವನ್ನು ಮೂರು ಸಲ ತಿರುಗಿಸಿ ನೋಡುತ್ತೇನೆ, ಕಾಣಿಸುವಂಥ ವಸ್ತುವೇನೋ ಎಂಬ ಹಾಗೆ.

ನಿನ್ನ ತಟ್ಟೆಗಳು ಸುಳ್ಳು ಹೇಳಿವೆ. ಐಸ್ ಕರಗಿತ್ತೋ, ನೀನು ನೋಡಿದ್ದು ಸರಿಯಿಲ್ಲವೋ. ನಿನ್ನ ಕಾಗದ ನಂಬಿ ನಾನು ಆ ತಂದೆಗೆ "ನಿಮ್ಮ ಹುಡುಗನಿಗೆ ಏನೂ ಇಲ್ಲ, ನಿಶ್ಚಿಂತೆಯಾಗಿರಿ" ಎಂದಿದ್ದೆ.

ತಮ್ಮ

ಫೆಬ್ರವರಿ 19

ತಮ್ಮನಿಗೆ,

ನನ್ನ ತಟ್ಟೆಗಳು ಸುಳ್ಳು ಹೇಳುವುದಿಲ್ಲ. ನಿನ್ನ ಕೆಳಗಿನ ಊರಿನ ಮಾದರಿಗಳೂ ಅದೇ ಪೆಟ್ಟಿಗೆಯಲ್ಲಿ, ಅದೇ ಐಸಿನಲ್ಲಿ ಬಂದವು. ಅವು ಬೆಳೆದವು, ಇವು ಬೆಳೆಯಲಿಲ್ಲ. ಹಾಗಾದರೆ ತಪ್ಪು ನನ್ನ ಮೇಜಿನ ಮೇಲಿಲ್ಲ.

ಕೇಳಲೇಬೇಕಾದ್ದನ್ನು ಕೇಳುತ್ತೇನೆ. ಒಂದೇ ಕಡ್ಡಿಯನ್ನು ಇಬ್ಬರ ಬಾಯಿಗೆ ಹಾಕಿದೆಯಾ? ಟ್ಯೂಬುಗಳ ಚೀಟಿ ಅದಲುಬದಲಾಯಿತೇ? ಕೈ ತೊಳೆದೆಯಾ? ನೀನು ಹೆದರಿದಾಗ ಕೈ ಎಲ್ಲಿ ಇಡುತ್ತೀಯ, ಏನು ಮಾಡುತ್ತೀಯ ನಿನಗೇ ತಿಳಿಯುವುದಿಲ್ಲ. ನಾನು ಬಲ್ಲೆ. ಊರಿಂದೂರಿಗೆ ಹೋದವರು ಯಾರೂ ಇಲ್ಲ ಎಂದರೆ ನಾನು ನಂಬುವುದಿಲ್ಲ. ರೋಗಕ್ಕೆ ಕಾಲಿಲ್ಲ, ಯಾರೋ ಹೊತ್ತೊಯ್ದಿದ್ದಾರೆ. ಯಾರೆಂದು ಹುಡುಕು.

ಸೀರಂ ವಿಷಯ. ಉಗ್ರಾಣದಲ್ಲಿ ಇರಲಿಲ್ಲ. ಬರೆಯುವಾಗಲೇ ನನಗೆ ಗೊತ್ತಿತ್ತು. ನೀನು ಹೆದರಿ ಓಡಿ ಬಂದುಬಿಡುತ್ತೀಯ ಎಂದು ಹಾಗೆ ಬರೆದೆ. ಈಗ ಬೇರೆ ಊರಿನಿಂದ ತರಿಸುತ್ತಿದ್ದೇನೆ, ಇದು ನಿಜ.

ಅಕ್ಕ

ಫೆಬ್ರವರಿ 23

ಅಕ್ಕಾ,

ಪ್ರತಿ ಕಡ್ಡಿಯ ಕವರನ್ನೂ ತಾಯಂದಿರ ಕಣ್ಣೆದುರೇ ಹರಿದಿದ್ದೇನೆ. ಚೀಟಿಗಳನ್ನು ಅಲ್ಲಲ್ಲೇ ಅಂಟಿಸಿದ್ದೇನೆ. ಕೈಯ ಚರ್ಮ ಸುಲಿಯುವಷ್ಟು ಸೋಪು ಹಾಕುತ್ತೇನೆ. ನಿನ್ನ ತಮ್ಮ ಪುಕ್ಕಲನೇ ಹೊರತು ಕಳ್ಳನಲ್ಲ. ಹಾಂ, ಕಳ್ಳ ಯಾರೆಂದು ಕೇಳಿದೆಯಲ್ಲ. ನಡುವಿನ ಊರಿನವರು ಆಗಲೇ ಕಂಡುಹಿಡಿದಿದ್ದಾರೆ: ನಾನೇ!

ಬಾಗಿಲುಗಳು ಮುಚ್ಚುತ್ತಿವೆ. ನಿನ್ನೆ ಒಬ್ಬ ಅಜ್ಜಿ ಮೆಟ್ಟಿಲ ಮೇಲಿಂದಲೇ ಅಂದರು: "ಕಡ್ಡಿ ಹಾಕಿಸ್ಕೊಂಡ ಮಕ್ಕಳೇ ಮಲಗಿರೋದು. ಓಡಿಹೋದವು ಆಡ್ಕೊಂಡಿವೆ. ನೀನು ಏನು ತುಂಬ್ತಿದೀಯಪ್ಪ ಅದರೊಳಗೆ?" ಕಡ್ಡಿಯಿಂದ ರೋಗ ಬರುವುದಿಲ್ಲ ಎಂದು ವಿವರಿಸಿದೆ. ಯಾರು ಕೇಳುತ್ತಾರೆ? ಯಾರೋ ಕಲ್ಲು ಎಸೆದರು, ತಾಗಲಿಲ್ಲ. ಆದರೆ ಅಕ್ಕಾ, ಅವರು ಹೇಳಿದ ಮಾತಿನಲ್ಲಿ ಒಂದು ನಿಜ ಇದೆ. ಅಟ್ಟ ಹತ್ತಿ ಅಡಗಿದ್ದ ತುಂಟರು ಚೆನ್ನಾಗಿದ್ದಾರೆ. ಬೀಗ ಚೆನ್ನಾಗಿದ್ದಾಳೆ. ನನ್ನ ಮಾತು ಕೇಳಿದ ಒಳ್ಳೆಯ ಮಕ್ಕಳೇ ಮಲಗಿದ್ದಾರೆ. ಇದೇನು ಅನ್ಯಾಯ ಎಂದು ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಕಲ್ಲು ಕಡಿಯುವವರು ಮಾತ್ರ ನನ್ನನ್ನು ಬೈಯುವುದಿಲ್ಲ. ಅದು ಇನ್ನೂ ಕಷ್ಟ. ನಿನ್ನೆ ಬಂದು, "ಆ ಸೀಟಿ ನನಗೆ ಕೊಡ್ತೀರಾ? ನನ್ನ ಮಗ ಕೊನೇಲಿ ನಕ್ಕಿದ್ದು ಅದನ್ನ ಊದಿ" ಎಂದರು. ತುದಿಯ ಊರಿನ ಕೆಲಸ ಮುಗಿದ ಮೇಲೆ ಖಂಡಿತ ಕೊಡುತ್ತೇನೆ ಎಂದೆ. ಅಪ್ಪನ ನೆನಪಿನ ವಸ್ತು, ನಿನ್ನನ್ನು ಕೇಳದೆ ಮಾತು ಕೊಟ್ಟೆ. ಕೋಪ ಮಾಡಿಕೊಳ್ಳಬೇಡ.

ಈಗ ಉಳಿದಿರುವ ಸಂತೋಷ ಆ ಸೀಟಿಯೊಂದೇ. ಬಾಗಿಲು ಮುಚ್ಚದ ಮನೆಗಳ ಮಕ್ಕಳು ಈಗಲೂ ಯಾರ ಸರದಿ ಎಂದು ಜಗಳವಾಡುತ್ತವೆ. ಒಬ್ಬರು ಊದಿದ ಮೇಲೆ ಅಂಗಿಯ ತುದಿಯಲ್ಲಿ ಒರೆಸಿ ಇನ್ನೊಬ್ಬರಿಗೆ ಕೊಡುತ್ತೇನೆ. ನಾಳೆ ತುದಿಯ ಊರಿಗೆ ಹತ್ತುತ್ತೇನೆ. ಅದಕ್ಕೆ ಮೊದಲು ಇವತ್ತು ಸಂಜೆ ಬೀಗವನ್ನು ಗೆಲ್ಲಬೇಕು. ಸೀಟಿಯನ್ನು ಅವಳ ಕೈಗೇ ಕೊಟ್ಟುಬಿಡುತ್ತೇನೆ.

ತಮ್ಮ

ಫೆಬ್ರವರಿ 24

ತಮ್ಮಾ,

ಡ್ರೈವರನ್ನು ಮಲಗಲೂ ಬಿಡದೆ ವಾಪಸ್ಸು ಕಳಿಸುತ್ತಿದ್ದೇನೆ. ಇದನ್ನು ಓದಿದ ಕ್ಷಣ ಸೀಟಿಯನ್ನು ಕಸಿದುಕೋ. ಯಾರ ಕೈಯಲ್ಲಿದ್ದರೂ ಕಸಿದುಕೋ.

ಸೀಟಿ ತಮ್ಮಾ, ಸೀಟಿ. ಕೆಳಗಿನ ಊರಿನ ರೋಗದ ಬಾಯಿಗಳಿಂದ ಅದು ನಿನ್ನ ಕೊರಳಿಗೆ ನೇತುಬಿದ್ದು ನಡುವಿನ ಊರಿಗೆ ಹತ್ತಿತು. ಕಡ್ಡಿ ಹಾಕಿಸಿಕೊಂಡಾಗ ಅವರ ಗಂಟಲು ಶುದ್ಧವಾಗಿಯೇ ಇತ್ತು. ನನ್ನ ತಟ್ಟೆಯೂ ಸರಿ, ನಿನ್ನ ಕಡ್ಡಿಯೂ ಸರಿ. ಅದಾದ ಮೇಲೆ ನಾವು ಬಹುಮಾನ ಕೊಟ್ಟೆವು. ಓಡಿಹೋದವರಿಗೆ ಬಹುಮಾನ ಸಿಗಲಿಲ್ಲ, ಅದಕ್ಕೇ ಅವರು ಉಳಿದರು. ಅಂಗಿಯಲ್ಲಿ ಒರೆಸಿದರೆ ಹೋಗುವುದಿಲ್ಲ ಎಂದು ನಿನಗೆ ಗೊತ್ತು, ನನಗೆ ಇನ್ನೂ ಚೆನ್ನಾಗಿ ಗೊತ್ತು. ದಿನವಿಡೀ ಇದನ್ನೇ ನೋಡುವ ನಾನು, ಅದನ್ನು ಪೆಟ್ಟಿಗೆಯಲ್ಲಿ ಇಟ್ಟು ಕಳಿಸಿದೆ.

ಜೊತೆಗಿರುವ ಸಿರಪ್ಪು, ಮಾತ್ರೆ ಸೀಟಿ ಮುಟ್ಟಿದ ಪ್ರತಿ ಮಗುವಿಗೂ, ಮನೆಯವರಿಗೂ ಕೊಡು. ಸೀರಂ ಸೀಸೆಗಳು ಕೆಲವೇ ಇವೆ, ಉಸಿರಿಗೆ ಕಷ್ಟಪಡುವವರಿಗೆ ಮೊದಲು.

ಸೀಟಿಯನ್ನು ಒಲೆಗೆ ಹಾಕು. ಅಪ್ಪನದೆಂದು ನೋಡಬೇಡ. ಮತ್ತೆ ಯಾರಿಗೂ ಹೇಳಬೇಡ. ಮುಂಜಾಗ್ರತೆಯ ಔಷಧಿ ಎಂದು ಮಾತ್ರ ಹೇಳು. ಆಗಲೇ ಕಲ್ಲು ಬಿದ್ದಿದೆ, ಇದು ಗೊತ್ತಾದರೆ ನಿನ್ನನ್ನು ಜೀವಂತ ಬಿಡುವುದಿಲ್ಲ. ಇಲ್ಲಿ ನಾನೂ ಮೇಲಧಿಕಾರಿಗಳಿಗೆ ಹೇಳಿಲ್ಲ.

ಬೀಗ ಊದಿದಳೇ? ಅದನ್ನು ಮೊದಲು ತಿಳಿಸು.

ಅಕ್ಕ

ಫೆಬ್ರವರಿ 27

ತಮ್ಮಾ,

ಡ್ರೈವರ್ ಬಂದಿಲ್ಲ. ಜೀಪು ಕೆಟ್ಟಿತೋ, ನಿನಗೆ ಏನಾದರೂ ಆಯಿತೋ, ಗೇಟಿನವರನ್ನು ಇಷ್ಟು ಸಲ ಕೇಳಿದ್ದೇನೆ ಎಂದರೆ ನನ್ನನ್ನು ಕಂಡ ಕೂಡಲೇ ಅವರೇ ಇಲ್ಲವೆಂದು ತಲೆಯಾಡಿಸುತ್ತಾರೆ. ಈ ಕಾಗದವನ್ನು ಯಾರ ಕೈಯಲ್ಲಿ ಕಳಿಸಲಿ ಎಂಬುದೂ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ ಹಳೆಯ ಕಾಗದಗಳನ್ನು ತಿರುಗಿ ಓದಿದೆ. "ಇನ್ನೊಂದ್ಸಲ ಊದ್ತೀನಿ" ಎಂದ ಹುಡುಗ. ಅದನ್ನು ಓದಿದ ದಿನ ನಾನು ಪಕ್ಕದ ಮೇಜಿನವಳಿಗೂ ಓದಿ ಹೇಳಿ ನಗಿಸಿದ್ದೆ.

ಭಯವಾಗುತ್ತಿದೆ. ನೀನೂ ಅದನ್ನು ಊದುತ್ತಿದ್ದೆ, ಅಲ್ಲವೇ? ನಿನ್ನ ಗಂಟಲು ಹೇಗಿದೆ? ಒಂದು ಕಾಗದದಲ್ಲೂ ಹೇಳಿಲ್ಲ ನೀನು.

ಅಕ್ಕ

ಮಾರ್ಚ್ 1

ಅಕ್ಕಾ,

ಬದುಕಿದ್ದೇನೆ. ಜೀಪಿನ ಚಕ್ರ ಹಳ್ಳಕ್ಕೆ ಇಳಿದು ಡ್ರೈವರ್ ಪೆಟ್ಟಿಗೆ ಹೊತ್ತುಕೊಂಡು ನಡೆದೇ ಬಂದ. ನಾನು ತುದಿಯ ಊರಿನಲ್ಲಿದ್ದೆ. ಅಲ್ಲಿಗೂ ಹತ್ತಿ ಬಂದು ಕಾಗದವನ್ನು ನನ್ನ ಕೈಗೇ ಕೊಟ್ಟ.

ಓದುವಾಗ ಕೈ ಕೊರಳಿಗೆ ಹೋಯಿತು. ಸೀಟಿ ಇರಲಿಲ್ಲ. ಮೇಲೆ ಹತ್ತುವ ಹಿಂದಿನ ಸಂಜೆ ಬೀಗದ ಕೈಗೆ ಕೊಟ್ಟಾಗ ಅವಳು ಬಾಯಿ ತೆರೆಯಲಿಲ್ಲ. ಇದು ಬಾಯಿ ತೆರೆಸುವ ಉಪಾಯ ಎಂದು ಅವಳಿಗೆ ಗೊತ್ತಾಗಿತ್ತು. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಓಡಿದಳು, ಬೆಳಿಗ್ಗೆ ವಾಪಸ್ಸು ಕೊಡಲಿಲ್ಲ. ನಾನು ಗೊಣಗಿಕೊಂಡು ಬರಿಗೈಯಲ್ಲಿ ತುದಿಯ ಊರಿಗೆ ಹತ್ತಿದ್ದೆ. ಅಲ್ಲಿ ಸೀಟಿಯಿಲ್ಲದೆ ಒಂದು ಮಗುವೂ ಬಾಯಿ ತೆರೆದಿರಲಿಲ್ಲ. ಎಷ್ಟು ಬೈದುಕೊಂಡಿದ್ದೆ ಅವಳನ್ನು!

ಇಳಿಜಾರಿನಲ್ಲಿ ಬಿದ್ದು ಎದ್ದು ಓಡಿದೆ. ಗಿರಣಿ ಓಡುತ್ತಿತ್ತು. ಬೀಗ ಹಿಟ್ಟಿನ ಚೀಲದ ಮೇಲೆ ಕೂತಿದ್ದಳು, ಕೊರಳಲ್ಲಿ ಸೀಟಿ. "ಊದಿದ್ಯಾ ಪುಟ್ಟಿ?" ಎಂದೆ. ತುಟಿ ಒಳಗೆ ಎಳೆದುಕೊಂಡಳು. ಅವಳ ಅಮ್ಮನನ್ನು ಕೇಳಿದೆ. "ಯಾರಿಗೊತ್ತಪ್ಪ, ಈ ಗಿರಣಿ ಸದ್ದಲ್ಲಿ ಯಾರು ಊದಿದ್ರೆ ಯಾರಿಗೆ ಕೇಳುತ್ತೆ?" ಎಂದರು. ಸೀಟಿಯನ್ನು ಕಸಿದೆ. ಆಗ ಬೀಗ ಅತ್ತಳು ನೋಡು, ಬಾಯಿ ಪೂರ್ತಿ ತೆರೆದು. ಮೊದಲ ಸಲ ಅವಳ ಗಂಟಲು ಕಂಡಿತು. ಕೆಂಪಗಿತ್ತು. ಅತ್ತದ್ದಕ್ಕೋ, ರೋಗಕ್ಕೋ ತಿಳಿಯಲಿಲ್ಲ. ಅಳುತ್ತಿರುವಾಗಲೇ ಕಡ್ಡಿ ಮುಟ್ಟಿಸಿದೆ, ಸಿರಪ್ಪು ಕುಡಿಸಿದೆ. ನನ್ನ ಬೆರಳು ಕಚ್ಚಿದಳು.

ಮುಂಜಾಗ್ರತೆಯ ಔಷಧಿ ಎಂದೇ ಹೇಳಲು ಹೊರಟೆ ಅಕ್ಕಾ. ನೀನು ಹೇಳಿದ ಹಾಗೆ. ಒಂದು ಬಾಗಿಲೂ ತೆರೆಯಲಿಲ್ಲ. ಕಡ್ಡಿ ತಂದವನ ಕೈಯಿಂದ ಸಿರಪ್ಪು ಯಾರು ಕುಡಿಸುತ್ತಾರೆ? ಒಳಗಿನಿಂದ ಆ ಉಸಿರಿನ ಸದ್ದು ಕೇಳುತ್ತಿತ್ತು. ಸೀಸೆ ನನ್ನ ಕೈಯಲ್ಲಿತ್ತು. ಅಷ್ಟರಲ್ಲಿ ಕಲ್ಲು ಕಡಿಯುವವರು ಬಂದು, "ತುದಿಯ ಊರಿನ ಕೆಲಸ ಮುಗೀತಲ್ಲ, ಈಗ ಕೊಡ್ತೀರಾ?" ಎಂದು ಕೈ ಚಾಚಿದರು.

ಆ ಕೈಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಹೇಳಿದೆ. ಎಲ್ಲವನ್ನೂ. ಹೇಳುವಾಗ ಅವರ ಸೊಂಟದಲ್ಲಿದ್ದ ಸುತ್ತಿಗೆಯನ್ನೇ ನೋಡುತ್ತಿದ್ದೆ. ಇಷ್ಟು ಭಯ ನನಗೆ ಯಾವತ್ತೂ ಆಗಿಲ್ಲ.

ಅವರು ಕೇಳಿದ್ದು ಒಂದೇ ಮಾತು: "ನನ್ನ ಮಗ ಊದಿದ ಮೇಲೆ ಯಾರ್ಯಾರು ಊದಿದ್ರು?" ಎಲ್ಲರೂ ಎಂದೆ. "ಅವನೇ ಕರ್ಕೊಂಡ್ ಬಂದಿದ್ದ ಅವರನ್ನೆಲ್ಲ. ನಂಗೊತ್ತು" ಎಂದರು. ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ. ಅವರು ನನ್ನನ್ನು ಹೊಡೆಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಎದ್ದು ಸುತ್ತಿಗೆಯನ್ನು ಬಿಚ್ಚಿ ಜಗಲಿಯ ಮೇಲಿಟ್ಟು, "ಏಳಿ. ನಾನು ಮುಂದೆ ನಡೀತೀನಿ. ನನ್ನ ಮೇಲೆ ಯಾರೂ ಕಲ್ಲು ಎಸೆಯಲ್ಲ" ಎಂದರು.

ಪ್ರತಿ ಬಾಗಿಲಲ್ಲೂ ಅವರೇ ಹೇಳಿದರು. ಕಡ್ಡಿಯಲ್ಲ, ಸೀಟಿ ಎಂದು. ತಂದವನು ಇವನೇ, ಔಷಧಿ ತಂದವನೂ ಇವನೇ ಎಂದು. ಬೈದರು ಅಕ್ಕಾ, ಬಾಯಿಗೆ ಬಂದ ಹಾಗೆ. ಒಬ್ಬ ತಾಯಿ ನನ್ನ ಮುಖಕ್ಕೆ ಉಗುಳಿದರು, ಆಮೇಲೆ ಮಗುವನ್ನು ಎತ್ತಿಕೊಂಡು ಬಂದರು. ಸೀರಂ ಹಾಕಿದ ಮಕ್ಕಳಲ್ಲಿ ಒಂದು ಹೆಣ್ಣುಮಗು ಉಳಿಯಲಿಲ್ಲ. ಉಳಿದವರು ಉಸಿರಾಡುತ್ತಿದ್ದಾರೆ.

ಸೀಟಿಯನ್ನು ಒಲೆಗೆ ಹಾಕಲಿಲ್ಲ. ಸುಟ್ಟರೆ ರೋಗ ಹೊತ್ತದ್ದು ಅದೇ ಎಂದು ನಾಳೆ ನಾವೇ ನಂಬುವುದಿಲ್ಲ. ಮಾದರಿಯ ಚೀಲದಲ್ಲಿ ಹಾಕಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಚೀಟಿಯಲ್ಲಿ ರೋಗಿಯ ಹೆಸರಿನ ಜಾಗದಲ್ಲಿ ನಮ್ಮಿಬ್ಬರ ಹೆಸರು ಬರೆದಿದ್ದೇನೆ. ಬೀಗದ ಟ್ಯೂಬು ಮೇಲೇ ಇದೆ. ಅದರ ಪಕ್ಕದಲ್ಲಿರುವುದು ನನ್ನದು. ಗಂಟಲು ಹತ್ತು ಹನ್ನೆರಡು ದಿನಗಳಿಂದ ಕೆರೆಯುತ್ತಿದೆ. ನಿನಗೆ ಹೇಳಲಿಲ್ಲ. ಹೇಳಿದರೆ ಕೆಳಗೆ ಕರೆಸಿಕೊಳ್ಳುತ್ತೀಯ ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ, ನಿನ್ನ ತಟ್ಟೆ ಏನು ಹೇಳುತ್ತದೋ ಎಂದು ಹೆದರಿದೆ.

ತಮ್ಮ

ಮಾರ್ಚ್ 4

ತಮ್ಮನಿಗೆ,

ಬೀಗದ ತಟ್ಟೆಯಲ್ಲಿ ಏನೂ ಇಲ್ಲ. ಆದರೆ ಒಂದು ಸಲ ಇಂಥದೇ ತಟ್ಟೆಯನ್ನು ನೋಡಿ ನಾವು ಹಿಗ್ಗಿದ್ದೆವು. ಅವಳು ಊದಿದಳೋ ಇಲ್ಲವೋ ಎಂಬುದನ್ನು ತಟ್ಟೆ ಹೇಳುವುದಿಲ್ಲ. ಸಿರಪ್ಪು ಮುಗಿಯುವವರೆಗೂ ನಿಲ್ಲಿಸಬೇಡ, ಕಚ್ಚಿದರೆ ಕಚ್ಚಿಸಿಕೋ.

ಸೀಟಿಯ ತಟ್ಟೆ ಕಪ್ಪಾಗಿದೆ. ನಿನ್ನದೂ.

ಮಾತ್ರೆ ಈಗಾಗಲೇ ನುಂಗುತ್ತಿದ್ದೀಯ ಎಂದು ಡ್ರೈವರ್ ಹೇಳಿದ. ಹಾಗೇ ನುಂಗು, ಬೆಟ್ಟ ಹತ್ತಬೇಡ, ಭಾರ ಎತ್ತಬೇಡ. ಈ ರೋಗದ ವಿಷ ಎದೆಗೂ ಇಳಿಯುತ್ತದೆ, ಬಡಿತ ತಪ್ಪಿದ ಹಾಗಾದರೆ ಗಂಡಸಿನ ಹಾಗೆ ಮುಚ್ಚಿಟ್ಟುಕೊಂಡು ಕೂರಬೇಡ.

ಮೇಲಧಿಕಾರಿಗಳಿಗೆ ಹೇಳಿದೆ. ಸೀಟಿ ಕಳಿಸಿದ್ದು ನಾನು, ನಿನಗೆ ಬಾಯಿ ಮುಚ್ಚಿಕೊಂಡಿರು ಎಂದದ್ದೂ ನಾನು ಎಂದು ಬರೆದು ಕೊಟ್ಟೆ. ಬರೆದದ್ದನ್ನು ಪಕ್ಕದ ಮೇಜಿನವಳು ನೋಡಿದಳು, ನಗಲಿಲ್ಲ.

ನಾಳೆಯ ಜೀಪಿನಲ್ಲಿ ಸೀರಂ ಬರುತ್ತದೆ. ಈ ಸಲ ಸುಳ್ಳಲ್ಲ, ಏಕೆಂದರೆ ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ಬರುತ್ತಿದ್ದೇನೆ. ಘಾಟಿಯಲ್ಲಿ ಕಣ್ಣು ಮುಚ್ಚಿಕೊಂಡೇ ಕೂರುತ್ತೇನೆ. ಡ್ರೈವರ್ ಹೇಳಿದರೆ ನೀನು ನಗಬಹುದು.

ಕಲ್ಲು ಕಡಿಯುವವರಿಗೆ ತಿಳಿಸು, ಮೊದಲು ಅವರ ಮನೆಗೇ ಬರುತ್ತೇನೆ. ಆಮೇಲೆ ಉಳಿದ ಮನೆಗಳಿಗೆ. ನನ್ನ ಮುಂದೆ ಅವರು ನಡೆಯುವುದು ಬೇಡ.

ಅಕ್ಕ